ಮೈಯಳತೆ ಕೇಳದ ಕಪಾಟು

ಕೊಚ್ಚಿಯ ವಲ್ಲಾರ್‌ಪಾಡಂ ಕಂಟೇನರ್ ರಸ್ತೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಸೈಕಲ್ ಸವಾರರ ಗುಂಪುಗಳು ಒಂದರ ಹಿಂದೊಂದು ಹಾದುಹೋಗುತ್ತವೆ. ತಿರುವನಂತಪುರದಲ್ಲಾದರೆ ಕವಡಿಯಾರ್ ರಸ್ತೆ, ಶಂಖುಮುಖಂ ಕಡಲತೀರ, ಕಳಕ್ಕೂಟ್ಟಂ ಬೈಪಾಸು, ತುಂಬದ ಕಡೆಗೆ ಹೊರಳುವ ಕರಾವಳಿ ದಾರಿ. ಮೈಗಂಟಿದ ಜೆರ್ಸಿ, ತೊಡೆಗಂಟಿದ ಕಪ್ಪು ಚಡ್ಡಿ, ತಲೆಗೆ ಹೆಲ್ಮೆಟ್ಟು. ಈ ಗಂಡಸರಲ್ಲಿ ಒಬ್ಬಿಬ್ಬರು ತೊಟ್ಟ ಜೆರ್ಸಿ ಅಂಗಡಿಯ ಹೆಂಗಸರ ಕಪಾಟಿನಿಂದ ಬಂದದ್ದಿದ್ದರೂ ನೋಡಿದವರಿಗೆ ಗೊತ್ತಾಗುವುದಿಲ್ಲ. ವೇಗ ಗಂಟೆಗೆ ಮೂವತ್ತು ಕಿಲೋಮೀಟರು ಮುಟ್ಟಿದ ಮೇಲೆ ಬಟ್ಟೆಯ ಹೊಲಿಗೆಯಲ್ಲಿ ಯಾರೂ ಗಂಡು ಹೆಣ್ಣು ಹುಡುಕುವುದಿಲ್ಲ.

ಹುಡುಕುವುದು ಅಂಗಡಿಯಲ್ಲಿ. ಕೊಚ್ಚಿಯಾಗಲಿ ಮಂಗಳೂರಾಗಲಿ ಬೆಂಗಳೂರಾಗಲಿ, ಕ್ರೀಡಾ ಉಡುಪಿನ ಮಳಿಗೆಗೆ ಹೋದ ಸಣ್ಣ ಮೈಕಟ್ಟಿನ ಹುಡುಗನೊಬ್ಬ ಗಂಡಸರ ಸಾಲಿನಲ್ಲಿ ಎಲ್ಲಕ್ಕಿಂತ ಚಿಕ್ಕ ಸೈಜು ತೊಟ್ಟುನೋಡುತ್ತಾನೆ. ಭುಜದಲ್ಲಿ ಸಡಿಲ, ಬೆನ್ನಿನಲ್ಲಿ ಉದ್ದ, ಹೊಟ್ಟೆಯ ಹತ್ತಿರ ಗಾಳಿ ತುಂಬಿ ಪಟಪಟ ಎನ್ನುವಷ್ಟು ಅಗಲ. ಪಕ್ಕದ ಸಾಲಿನ ಜೆರ್ಸಿಗೆ ಕೈ ಚಾಚಿದರೆ ಮಾರಾಟದ ಹುಡುಗ ಓಡಿಬಂದು, ‘ಅಣ್ಣಾ, ಅದು ಲೇಡೀಸು’ ಎನ್ನುತ್ತಾನೆ. ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲ, ಅವನಿಗೆ ಅದು ಉಪಕಾರವೇ. ಆದರೆ ಅಷ್ಟಕ್ಕೇ ಅಣ್ಣನ ಕೈ ಹಿಂದಕ್ಕೆ ಬರುತ್ತದೆ. ಬಟ್ಟೆ ಮೈಗೆ ಹೊಂದುತ್ತದೆಯೇ ಎಂದು ನೋಡುವ ಮೊದಲೇ ನಿರ್ಧಾರ ಆಗಿಹೋಗಿರುತ್ತದೆ. ಈ ಹಿಂಜರಿತವನ್ನು ಕೆಲಸಕ್ಕೆ ಬಾರದ ಸಂಗತಿಯೆಂದು ಬಿಟ್ಟುಬಿಡಲು ನನಗೆ ಮನಸ್ಸಾಗದು. ರಸ್ತೆಯಲ್ಲಿ ಯಾರು ಯಾವ ವಾಹನದ ಮೇಲೆ ಯಾವ ಬಟ್ಟೆ ತೊಟ್ಟು ಹೋಗಬೇಕು ಎಂಬ ದೊಡ್ಡ ಜಗಳದ ಒಂದು ತುಣುಕು ಅದರಲ್ಲಿದೆ. ಕೊಚ್ಚಿಯಿಂದ ತಿರುವನಂತಪುರದವರೆಗಿನ ಸುಮಾರು 200 ಕಿಲೋಮೀಟರು ನೆಲಕ್ಕೆ ಆ ಜಗಳ ಚೆನ್ನಾಗಿ ಗೊತ್ತು.

ಮೊದಲು ಬಟ್ಟೆಯನ್ನೇ ನೋಡೋಣ. ಹೆಂಗಸರ ಸೈಕ್ಲಿಂಗ್ ಜೆರ್ಸಿಯನ್ನು ಸಾಮಾನ್ಯವಾಗಿ ಭುಜ ಕಿರಿದಾಗಿ, ಸೊಂಟದಲ್ಲಿ ಒಳಕ್ಕೆ ತಂದು, ಕೆಳಗೆ ಸ್ವಲ್ಪ ಅಗಲಿಸಿ ಕತ್ತರಿಸಿರುತ್ತಾರೆ. ಬೆನ್ನಿನ ಉದ್ದವೂ ಕಡಿಮೆ. ಹಿಂಭಾಗದ ಮೂರು ಜೇಬುಗಳು ಕೆಲವು ಕಂಪನಿಗಳ ಬಟ್ಟೆಯಲ್ಲಿ ಗಂಡಸರದ್ದಕ್ಕಿಂತ ಚಿಕ್ಕವು. ಇದು ಹೆಂಗಸರ ಹಳೆಯ ದೂರು, ನ್ಯಾಯವಾದ ದೂರು. ಪಂಕ್ಚರ್ ಆದಾಗ ಹೆಣ್ಣಿಗೆ ಬೇಕಾಗುವ ಟ್ಯೂಬು ಗಂಡಿನದಕ್ಕಿಂತ ಚಿಕ್ಕದೇನಲ್ಲವಲ್ಲ. ಬಟ್ಟೆಯ ನೂಲು, ಬೆವರು ಹೀರುವ ಗುಣ, ಜಿಪ್ಪು ಎಲ್ಲ ಒಂದೇ. ಅಂದರೆ ಜೆರ್ಸಿಯ ಮಟ್ಟಿಗೆ ‘ಹೆಂಗಸರದು’ ಎಂಬ ಚೀಟಿ ಹೇಳುವುದು ಒಂದು ಆಕಾರವನ್ನು, ಅದೂ ಸರಾಸರಿ ಆಕಾರವನ್ನು. ಯುರೋಪಿನ ಕಂಪನಿಗಳು ತಮ್ಮ ಊರಿನ ಗಂಡಸರ ಎದೆಯಳತೆ, ತೋಳಳತೆ ಇಟ್ಟುಕೊಂಡು ಸೈಜಿನ ಪಟ್ಟಿ ಮಾಡಿದಾಗ ನಮ್ಮ ಕಡೆಯ ಎಷ್ಟೋ ಗಂಡಸರು ಆ ಪಟ್ಟಿಯ ಕೆಳಗಿನ ತುದಿಯಿಂದ ಹೊರಗೆ ಬೀಳುತ್ತಾರೆ. ಅವರಿಗೆ ಸರಿಹೊಂದುವ ಬಟ್ಟೆ ಎರಡು ಹೆಜ್ಜೆ ಆಚೆ, ಇನ್ನೊಂದು ಕಪಾಟಿನಲ್ಲಿ ತೂಗುತ್ತಿರುತ್ತದೆ.

ಚಡ್ಡಿಯ ವಿಷಯ ಬೇರೆ. ಅಲ್ಲಿ ಹುಷಾರಾಗಿರಬೇಕು. ಸೈಕ್ಲಿಂಗ್ ಚಡ್ಡಿಯೊಳಗೆ ಪ್ಯಾಡು ಇರುತ್ತದೆ. ಹಿಂದೆ ಅದನ್ನು ಚರ್ಮದಲ್ಲಿ ಮಾಡುತ್ತಿದ್ದರು, ಈಗ ಸ್ಪಂಜಿನಂಥ ಪದರಗಳಲ್ಲಿ. ಸೀಟಿನ ಮೇಲೆ ನಮ್ಮ ಭಾರ ಹೊರುವುದು ಕುಂಡಿಯ ಕೆಳಗಿನ ಎರಡು ಎಲುಬುಗಳು. ಹೆಂಗಸರಲ್ಲಿ ಈ ಎಲುಬುಗಳ ನಡುವಿನ ಅಂತರ ಸರಾಸರಿಯಲ್ಲಿ ತುಸು ಹೆಚ್ಚು, ಹಾಗಾಗಿ ಅವರ ಪ್ಯಾಡು ಹಿಂದೆ ಅಗಲ, ಮುಂದೆ ಗಿಡ್ಡ. ಗಂಡಸರ ಪ್ಯಾಡಿನಲ್ಲಿ ನರ, ರಕ್ತನಾಳಗಳ ಮೇಲೆ ಒತ್ತಡ ಬೀಳದಂತೆ ನಡುವೆ ಉದ್ದಕ್ಕೆ ತಗ್ಗು ಬಿಟ್ಟು ಮುಂಭಾಗವನ್ನು ಬೇರೆ ರೀತಿ ಕೂರಿಸಿರುತ್ತಾರೆ. ಇದು ಶೋಕಿಯ ಪ್ರಶ್ನೆಯಲ್ಲ, ಮೈಯ ರಚನೆಯ ಪ್ರಶ್ನೆ. ಹೊಂದದ ಪ್ಯಾಡಿನ ಮೇಲೆ ಐದಾರು ಗಂಟೆ ಕೂತರೆ ಮರಗಟ್ಟುವುದು, ಉಜ್ಜಿ ಗಾಯವಾಗುವುದು ಖಂಡಿತ. ಭುಜಕ್ಕೆ ಪಟ್ಟಿಯಿರುವ ಬಿಬ್ ಚಡ್ಡಿಯಲ್ಲಿ ಹೆಂಗಸರಿಗೆಂದು ಮಾಡಿದ ಒಂದು ಅನುಕೂಲವುಂಟು: ದಾರಿಯಲ್ಲಿ ಶೌಚಕ್ಕೆ ಹೋಗಬೇಕಾದಾಗ ಜೆರ್ಸಿ ಕಳಚದೆಯೇ ಕೆಳಗಿಳಿಸಲು ಹಿಂದೆ ಜಿಪ್ಪನ್ನೋ ಬಿಚ್ಚುವ ಕೊಕ್ಕೆಯನ್ನೋ ಇಟ್ಟಿರುತ್ತಾರೆ. ಹೊಟ್ಟೆ ಕೆಟ್ಟ ದಿನ ಎರಡು ಪದರ ಬಟ್ಟೆ ಕಳಚಿ ಪೇಚಾಡಿದ ಯಾವ ಗಂಡಸಿಗೂ ಅದರ ಬೆಲೆ ತಿಳಿಯುತ್ತದೆ. ಅದನ್ನು ಗಂಡಸರ ಬಿಬ್ಬಿಗೂ ಹೊಲಿಯಲು ಅಡ್ಡಿಯೇನೂ ಇಲ್ಲ.

ಸೀಟಿನ ಕತೆ ಇನ್ನೂ ಸ್ವಾರಸ್ಯವಾಗಿದೆ. ಅಮೆರಿಕದ ಸ್ಪೆಶಲೈಜ್ಡ್ ಕಂಪನಿ ಹೆಂಗಸರ ನೋವನ್ನೇ ಮುಂದಿಟ್ಟುಕೊಂಡು ‘ಮಿಮಿಕ್’ ಎಂಬ ಸೀಟು ತಯಾರಿಸಿತು. ಸೂಕ್ಷ್ಮ ಭಾಗಕ್ಕೆ ಆಸರೆ ಕೊಡುವ ಪದರಪದರದ ಸೀಟು ಅದು. ಬಳಿಕ ಗಂಡಸರೂ ಅದನ್ನು ಕೇಳಿ ಕೊಂಡರು. ಅದೇ ಕಂಪನಿ ಸಾವಿರಾರು ಸವಾರರ ಅಳತೆ ಕೂಡಿಸಿ ನೋಡಿದ ಮೇಲೆ, 2019ರ ಸುಮಾರಿಗೆ, ಹೆಂಗಸರಿಗೇ ಬೇರೆ ಆಕಾರದ ಸೈಕಲ್ ಚೌಕಟ್ಟು ಮಾಡುವುದನ್ನು ಕೈಬಿಟ್ಟಿತು. ಇಬ್ಬರು ಗಂಡಸರ ನಡುವೆ ಇರುವ ವ್ಯತ್ಯಾಸ ಒಬ್ಬ ಗಂಡಸು ಒಬ್ಬ ಹೆಂಗಸಿನ ನಡುವಿನದಕ್ಕಿಂತ ಹೆಚ್ಚಿರಬಹುದು ಎಂಬುದು ಅದು ಕೊಟ್ಟ ಕಾರಣ. ಜೈಂಟ್ ಕಂಪನಿಯ ‘ಲಿವ್’ ಎಂಬ ಸೈಕಲ್ ಬ್ರ್ಯಾಂಡು ಮಾತ್ರ ಹೆಂಗಸರಿಗೇ ಮೀಸಲಾಗಿ ಉಳಿದಿದೆ. ಅದಕ್ಕೂ ಅದರದೇ ಸಮರ್ಥನೆ ಇದೆ: ಎಲ್ಲವನ್ನೂ ‘ಎಲ್ಲರಿಗೂ’ ಎಂದುಬಿಟ್ಟರೆ ವಿನ್ಯಾಸದ ಮೇಜಿನ ಮೇಲೆ ಮತ್ತೆ ಗಂಡಸಿನ ಮೈಯೇ ಬಂದು ಕೂರುತ್ತದೆ ಎಂಬ ಭಯ. ಆ ಭಯ ಸುಳ್ಳಲ್ಲ ಎಂಬುದಕ್ಕೆ ಕೇರಳದ ಶಾಲೆಗಳ ಕತೆ ಸಾಕ್ಷಿ, ಮುಂದೆ ಹೇಳುತ್ತೇನೆ.

ಬಣ್ಣದ ಗೊಂದಲವನ್ನು ಬೇಗ ಮುಗಿಸಬಹುದು. ಗುಲಾಬಿ ಹೆಣ್ಣಿನ ಬಣ್ಣ ಎಂದು ಅಂಗಡಿಗಳು ಹೇಳುತ್ತವೆ. ಆದರೆ ಇಟಲಿಯ ದೊಡ್ಡ ಸೈಕಲ್ ಪಂದ್ಯ ಜಿರೋ ದಿತಾಲಿಯಾದಲ್ಲಿ ಮುಂಚೂಣಿಯ ಗಂಡಸು ತೊಡುವುದು ಗುಲಾಬಿ ಜೆರ್ಸಿ. 1931ರಲ್ಲಿ ಲಿಯರ್ಕೊ ಗ್ವೆರಾ ಅದನ್ನು ಮೊದಲು ತೊಟ್ಟ. ಪಂದ್ಯ ನಡೆಸುತ್ತಿದ್ದ ‘ಗಜೆಟಾ ದೆಲ್ಲೊ ಸ್ಪೋರ್ಟ್’ ಪತ್ರಿಕೆಯ ಕಾಗದದ ಬಣ್ಣ ಗುಲಾಬಿ, ಕಾರಣ ಅಷ್ಟೇ. ಮೂರು ವಾರ ಆಲ್ಪ್ಸ್, ಡೊಲೊಮೈಟ್ ಬೆಟ್ಟಗಳನ್ನು ಹತ್ತಿಳಿಯುವ ಗಟ್ಟಿಗರು ಆ ಗುಲಾಬಿಗಾಗಿ ಜೀವ ತೇಯುತ್ತಾರೆ. ಅದೇ ಸವಾರರು ಕಾಲಿನ ಕೂದಲು ಬೋಳಿಸುತ್ತಾರೆ. ಬಿದ್ದಾಗ ಗಾಯ ತೊಳೆಯಲು, ಮಾಲೀಸು ಮಾಡಲು ಸಲೀಸು, ಗಾಳಿಯ ತಡೆಯೂ ಕೊಂಚ ಕಡಿಮೆ. ಬ್ಯೂಟಿ ಪಾರ್ಲರಿನಲ್ಲಿ ಹೆಣ್ತನದ ಗುರುತಾದದ್ದು ಪಂದ್ಯದ ರಸ್ತೆಯಲ್ಲಿ ಗಂಡಸುತನದ ಗುರುತು.

ಇಷ್ಟು ತಿಳಿದ ಮೇಲೂ ಕೈ ಹಿಂದಕ್ಕೆ ಬರುವುದು ಯಾಕೆ? ಈ ಪ್ರಶ್ನೆಯನ್ನು ತಿರುವಿ ನೋಡಿದರೆ ಉತ್ತರ ಸಿಗುತ್ತದೆ. ಹೆಂಗಸರು ಗಂಡಸರ ಸೈಕಲ್ ಉಡುಪು ತೊಟ್ಟದ್ದಕ್ಕೆ ನೂರಮೂವತ್ತು ವರ್ಷಗಳ ಚರಿತ್ರೆ ಇದೆ, ಅದನ್ನು ನಾವು ಹೆಮ್ಮೆಯಿಂದ ಓದುತ್ತೇವೆ. 1894ರ ಜೂನ್‌ನಲ್ಲಿ ಬಾಸ್ಟನ್ನಿನಿಂದ ಜಗತ್ತು ಸುತ್ತಲು ಹೊರಟ ಆನಿ ಲಂಡನ್‌ಡೆರಿ ಉದ್ದ ಲಂಗ ತೊಟ್ಟು ಸುಮಾರು 19 ಕಿಲೋ ತೂಕದ ಹೆಂಗಸರ ಸೈಕಲ್ ಏರಿದ್ದಳು. ಶಿಕಾಗೊ ತಲುಪುವಷ್ಟರಲ್ಲಿ ಸಾಕಾಯಿತು. ಅದರ ಅರ್ಧ ತೂಕದ ಗಂಡಸರ ಸೈಕಲ್ ತೆಗೆದುಕೊಂಡಳು, ಲಂಗ ಬಿಟ್ಟು ಬ್ಲೂಮರ್ಸ್ ಎಂಬ ಸಡಿಲ ಪಾಯಿಜಾಮ ತೊಟ್ಟಳು, ಮುಂದೆ ಗಂಡಸರ ಸವಾರಿ ಉಡುಪನ್ನೇ ಹಾಕಿದಳು. 1898ರಲ್ಲಿ ಇಂಗ್ಲೆಂಡಿನ ಒಕ್ಹ್ಯಾಮ್ ಹಳ್ಳಿಯ ಹೋಟೆಲೊಂದಕ್ಕೆ ಸೈಕಲ್ ಮೇಲೆ ಬಂದ ಲೇಡಿ ಹಾರ್ಬರ್ಟನ್ ಸಡಿಲ ಚಲ್ಲಣ ತೊಟ್ಟಿದ್ದಳೆಂದು ಕಾಫಿ ಕೋಣೆಗೆ ಬಿಡಲಿಲ್ಲ, ಗಂಡಸರು ಕುಡಿಯುವ ಕೋಣೆಗೆ ಹೋಗು ಎಂದರು. ಸೈಕಲ್ ಸವಾರರ ಸಂಘ ಆಕೆಯ ಪರವಾಗಿ ಕೋರ್ಟಿಗೆ ಹೋಗಿ ಮರುವರ್ಷ ಸೋತಿತು. ಕೋರ್ಟಿನಲ್ಲಿ ಸೋತರೂ ಕಾಲ ಆಕೆಯ ಪಾಲಿಗೇ ಬಂತು.

ನಮ್ಮ ಪಕ್ಕದ ರಾಜ್ಯದಲ್ಲೇ ಇನ್ನೊಂದು ಉದಾಹರಣೆ ಇದೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹತ್ತಾರು ಸಾವಿರ ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಆ ಬಗ್ಗೆ ಬರೆದಿದ್ದಾರೆ. ಲೇಡೀಸ್ ಸೈಕಲ್ ಸಾಲದಾದಾಗ ಆ ಹೆಂಗಸರು ಜೆಂಟ್ಸ್ ಸೈಕಲ್ ತೆಗೆದುಕೊಂಡರು, ಆಮೇಲೆ ಅದನ್ನೇ ಇಷ್ಟಪಟ್ಟರು. ಸೀಟಿನಿಂದ ಹ್ಯಾಂಡಲಿಗೆ ಹೋಗುವ ಆ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಬಹುದಲ್ಲ! ಗಂಡಸಿನದೆಂದು ಬಂದ ವಸ್ತುವನ್ನು ಹೀಗೆ ತಮ್ಮ ಕೆಲಸಕ್ಕೆ ಬಗ್ಗಿಸಿಕೊಂಡವರ ಧೈರ್ಯ ದೊಡ್ಡದು.

ಈಗ ದಿಕ್ಕು ಬದಲಿಸಿ. ಹೆಂಗಸಿನದೆಂದು ಬಂದ ವಸ್ತುವನ್ನು ಗಂಡಸು ತನ್ನ ಕೆಲಸಕ್ಕೆ ಬಗ್ಗಿಸಿಕೊಂಡರೆ ಯಾರೂ ಧೈರ್ಯ ಎನ್ನುವುದಿಲ್ಲ, ನಗುತ್ತಾರೆ. ಆ ನಗೆಗೆ ಕಾರಣ ಒಂದೇ. ಹೆಣ್ಣು ಗಂಡಿನ ಉಡುಪು ತೊಟ್ಟರೆ ಮೇಲೆ ಹತ್ತಿದಳು ಎಂದೂ, ಗಂಡು ಹೆಣ್ಣಿನ ಉಡುಪು ತೊಟ್ಟರೆ ಕೆಳಗಿಳಿದ ಎಂದೂ ನಾವು ಲೆಕ್ಕ ಹಾಕುತ್ತೇವೆ. ಇಳಿದ ಎನ್ನಬೇಕಾದರೆ ಹೆಣ್ಣಿನ ಜಾಗ ಕೆಳಗಿದೆ ಎಂದು ಮೊದಲೇ ಒಪ್ಪಿರಬೇಕು. ಸೈಕಲ್ ಅಂಗಡಿಯಲ್ಲಿ ಹಿಂದಕ್ಕೆ ಬಂದ ಆ ಕೈ ಅವಮಾನಿಸುವುದು ಕಪಾಟಿನ ಎದುರು ನಿಂತ ಹುಡುಗನನ್ನಲ್ಲ, ಆ ಕಪಾಟು ಯಾರದೋ ಅವರನ್ನು.

ಕೇರಳದ ಶಾಲೆಗಳಲ್ಲಿ ಇದು ಬಯಲಿಗೇ ಬಂತು. ಎರ್ಣಾಕುಲಂ ಜಿಲ್ಲೆಯ ಪೆರುಂಬಾವೂರಿನ ಬಳಿ ವಳಯಂಚಿರಂಗರ ಎಂಬ ಊರಿದೆ. ಅಲ್ಲಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ 2018ರಲ್ಲಿ ಹುಡುಗ ಹುಡುಗಿಯರೆಲ್ಲರಿಗೂ ಮೊಣಕಾಲು ದಾಟುವ ಮುಕ್ಕಾಲು ಚಡ್ಡಿ ಮತ್ತು ಅಂಗಿಯನ್ನು ಸಮವಸ್ತ್ರ ಮಾಡಿತು. ಓಡಲು, ಹಾರಲು, ಸೈಕಲ್ ತುಳಿಯಲು ಲಂಗ ತೊಡಕು ಎಂಬುದನ್ನು ಮಕ್ಕಳ ಜೊತೆ ದಿನಾ ಇರುವ ಶಿಕ್ಷಕರು ಕಂಡಿದ್ದರು. ಲಂಗ ತೊಟ್ಟ ಹುಡುಗಿ ಆಟದ ನಡುವೆ ಎಷ್ಟು ಸಲ ಬಟ್ಟೆ ಸರಿಮಾಡಿಕೊಳ್ಳುತ್ತಾಳೆ ಎಂದು ಗಮನಿಸಿದ ಯಾರಿಗೂ ಆ ನಿರ್ಧಾರ ಅರ್ಥವಾಗುತ್ತದೆ. 2021ರ ಡಿಸೆಂಬರಿನಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆ ಪ್ಲಸ್ ಒನ್ ವಿದ್ಯಾರ್ಥಿಗಳಿಗೆ ಪ್ಯಾಂಟು ಶರ್ಟು ತಂದಾಗ ಮಾತ್ರ ಗದ್ದಲವೆದ್ದಿತು. ಕೆಲವು ಧಾರ್ಮಿಕ ಸಂಘಟನೆಗಳು ಪ್ರತಿಭಟಿಸಿದವು. 2022ರಲ್ಲಿ ಮುಸ್ಲಿಂ ಲೀಗಿನ ನಾಯಕ ಎಂ. ಕೆ. ಮುನೀರ್, ಸಮಾನತೆ ಎಂದರೆ ಹುಡುಗಿಯರೇ ಪ್ಯಾಂಟು ತೊಡಬೇಕೇಕೆ, ಮುಖ್ಯಮಂತ್ರಿ ಸೀರೆ ಉಡಬಾರದೇಕೆ ಎಂಬರ್ಥದಲ್ಲಿ ಕೇಳಿದರು. ಯಾವ ಸಮವಸ್ತ್ರವನ್ನೂ ಹೇರುವುದಿಲ್ಲ ಎಂದು ಸರ್ಕಾರ ಹೇಳಬೇಕಾಯಿತು.

ಮುನೀರ್ ಅವರು ಆ ಮಾತನ್ನು ವಿರೋಧಕ್ಕೆಂದು ಆಡಿದ್ದರು, ಅವರ ನಿಲುವನ್ನು ನಾನು ಒಪ್ಪುವುದಿಲ್ಲ. ಆ ಹುಡುಗಿಯರ ಕಾಲಿಗೆ ಸಿಕ್ಕ ಬಿಡುಗಡೆ ನಿಜವಾದದ್ದು. ಆದರೆ ಪ್ರಶ್ನೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ‘ಎಲ್ಲರಿಗೂ ಒಂದೇ’ ಎಂದು ಆರಿಸಿದ ಉಡುಪು ಎರಡೂ ಕಡೆ ಹುಡುಗರದೇ ಆಗಿತ್ತು. ಹುಡುಗನಿಗೆ ಲಂಗವೋ ಚೂಡಿದಾರವೋ ಎಂಬ ಆಯ್ಕೆ ಯಾರ ಕನಸಿನಲ್ಲೂ ಸುಳಿಯಲಿಲ್ಲ, ಸುಳಿದರೂ ಅದು ಗೇಲಿಯ ಮಾತಾಗಿಯೇ ಬಂತು. ಸೈಕಲ್ ಅಂಗಡಿಯಲ್ಲೂ ಇದೇ ನಡೆಯುತ್ತದೆ. ‘ಯುನಿಸೆಕ್ಸ್’ ಎಂದು ಮಾರುವ ಜೆರ್ಸಿಗಳಲ್ಲಿ ಬಹುಪಾಲು ಗಂಡಸರ ಅಳತೆಯವು, ಹೆಸರು ಮಾತ್ರ ಬದಲಾಗಿರುತ್ತದೆ.

ಬಟ್ಟೆಯ ಶೈಲಿಯನ್ನು ಕಾನೂನು ಕಾದುಕೊಂಡಿದ್ದ ಕಾಲ ಈ ನೆಲಕ್ಕೆ ಹೊಸದಲ್ಲ. ತಿರುವನಂತಪುರದ ದಕ್ಷಿಣಕ್ಕೆ, ಆಗಿನ ತಿರುವಾಂಕೂರು ಸಂಸ್ಥಾನದಲ್ಲಿ, ನಾಡಾರ್ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿದರು, ಹೊಡೆತ ತಿಂದರು. 1859ರ ಜುಲೈ 26ರಂದು ಮಹಾರಾಜರು ಘೋಷಣೆ ಹೊರಡಿಸಿ ಆ ಹಕ್ಕು ಕೊಟ್ಟರು. ಆದರೆ ಒಂದು ಷರತ್ತು: ಮೇಲುಜಾತಿಯ ಹೆಂಗಸರು ಹೊದೆಯುವ ರೀತಿಯಲ್ಲಿ ಹೊದೆಯಕೂಡದು. ಬಟ್ಟೆ ಉಡಬಹುದು, ಶೈಲಿ ಬೇರೆಯವರದಾಗಬಾರದು. ಶೈಲಿ ಎಂದರೆ ಬರೀ ಅಲಂಕಾರ ಎನ್ನುವವರು ಆ ಷರತ್ತನ್ನು ನೆನೆಯಬೇಕು.

ಅದಾಗಿ ಮೂವತ್ತನಾಲ್ಕು ವರ್ಷಕ್ಕೆ, 1893ರಲ್ಲಿ, ತಿರುವನಂತಪುರದ ಹತ್ತಿರದ ವೆಂಗಾನೂರಿನ ಅಯ್ಯಂಕಾಳಿ ಒಂದು ಎತ್ತಿನ ಗಾಡಿ ಕೊಂಡರು. ಬಿಳಿ ಮುಂಡು ಉಟ್ಟು, ಮೇಲುವಸ್ತ್ರ ಹೊದ್ದು, ತಲೆಗೆ ಪೇಟ ಸುತ್ತಿ, ತಮ್ಮ ಜಾತಿಯವರು ಕಾಲಿಡಬಾರದ ರಾಜರಸ್ತೆಯಲ್ಲಿ ಗಾಡಿ ಹೊಡೆದುಕೊಂಡು ಹೋದರು. ‘ವಿಲ್ಲುವಂಡಿ ಯಾತ್ರೆ’ ಎಂದು ಕೇರಳ ಇವತ್ತಿಗೂ ನೆನೆಯುವ ಘಟನೆ ಇದು. ರಸ್ತೆ, ವಾಹನ, ಉಡುಪು ಮೂರನ್ನೂ ಒಟ್ಟಿಗೇ ಕೇಳಿದ ಹೋರಾಟ. ಆ ಕಷ್ಟವನ್ನು ಇವತ್ತಿನ ಸೈಕಲ್ ಸವಾರನ ಮುಜುಗರದ ಪಕ್ಕ ಇಟ್ಟು ತೂಗುವುದು ಸಲ್ಲ. ಅಯ್ಯಂಕಾಳಿಯವರ ಎದುರಿಗಿದ್ದದ್ದು ದೊಣ್ಣೆ, ಇವನ ಎದುರಿಗಿರುವುದು ನಗೆ. ಆದರೆ ರಸ್ತೆಯ ಮೇಲೆ ಕಾಣಿಸಿಕೊಳ್ಳುವ ಮೈಗೆ ಯಾವ ಬಟ್ಟೆ ತಕ್ಕುದೆಂದು ಬೇರೆಯವರು ತೀರ್ಮಾನಿಸುವ ಅಭ್ಯಾಸ ಒಂದೇ ಬೇರಿನದು.

ಇದೇ ತಿರುವನಂತಪುರದಲ್ಲಿ ಗಂಡು ಹೆಣ್ಣೆನ್ನದ ಬಟ್ಟೆಯೊಂದು ಎಲ್ಲರ ಕಣ್ಣೆದುರಿಗೇ ಇದೆ. ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಪ್ಯಾಂಟು ತೊಟ್ಟು ಹೋದ ಗಂಡಸು ಮುಂಡು ಉಡಬೇಕು. ಚೂಡಿದಾರ ತೊಟ್ಟು ಹೋದ ಹೆಂಗಸು ಅದರ ಮೇಲೆಯೇ ಮುಂಡು ಸುತ್ತಿಕೊಳ್ಳಬೇಕು. 2016ರ ಕೊನೆಯಲ್ಲಿ ಆಡಳಿತಾಧಿಕಾರಿ ಚೂಡಿದಾರಕ್ಕೆ ಅನುಮತಿ ಕೊಟ್ಟರೂ ಹೈಕೋರ್ಟು ಅದನ್ನು ತಡೆದು ಹಳೆಯ ಪದ್ಧತಿಯನ್ನೇ ಉಳಿಸಿತು. ನಿಯಮದ ಸರಿತಪ್ಪು ಬೇರೆ ಮಾತು. ಆ ಮುಂಡಿಗೆ ಮಾತ್ರ ಎಡಗುಂಡಿ ಬಲಗುಂಡಿಯಿಲ್ಲ, ಸೈಜಿಲ್ಲ. ಗಂಡನ ಸೊಂಟಕ್ಕೂ ಹೆಂಡತಿಯ ಸೊಂಟಕ್ಕೂ ಒಂದೇ ಅಗಲದ ಬಟ್ಟೆ. ಹೊಲಿಯದ ಬಟ್ಟೆ ಉಟ್ಟು ಬದುಕಿದ ನಾಡಿನಲ್ಲಿ ಹೊಲಿದ ಬಟ್ಟೆಯ ಕಪಾಟು ಇಷ್ಟು ಗಟ್ಟಿಯಾಗಿ ಎರಡಾದದ್ದು ಈಚಿನ ಮಾತು.

ಗಂಡಸು ಹೆಣ್ಣಿನ ಉಡುಪು ತೊಡುವುದನ್ನು ಕೇರಳವಾಗಲಿ ಕನ್ನಡನಾಡಾಗಲಿ ಕಾಣದ್ದೇನಲ್ಲ. ಕೊಚ್ಚಿಯಿಂದ ಹೆದ್ದಾರಿ ಹಿಡಿದು ಆಲಪ್ಪುಳ, ಕಾಯಂಕುಳಂ ದಾಟಿ ಕೊಲ್ಲಂ ತಲುಪುವ ಮೊದಲು ಚವರ ಸಿಗುತ್ತದೆ. ಅಲ್ಲಿನ ಕೊಟ್ಟನ್‌ಕುಳಂಗರ ದೇವಿ ದೇವಸ್ಥಾನದಲ್ಲಿ ಮೀನ ಮಾಸದ 10 ಮತ್ತು 11ರಂದು, ಅಂದರೆ ಮಾರ್ಚ್ ಕೊನೆಯಲ್ಲಿ, ಸಾವಿರಾರು ಗಂಡಸರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಐದು ಬತ್ತಿಯ ದೀಪ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಅದೇ ಚಮಯವಿಳಕ್ಕು. ಹೆಂಡತಿ, ಅಕ್ಕತಂಗಿಯರೇ ಮುಂದೆ ನಿಂತು ಸೆರಗಿನ ನೆರಿಗೆ ಸರಿಮಾಡುತ್ತಾರೆ. ಉತ್ತರದ ತುದಿಗೆ ಹೋದರೆ ಕಾಸರಗೋಡಿನ ಕನ್ನಡಿಗರ ಮನೆಮಾತಾದ ಯಕ್ಷಗಾನ. ಕೋಳ್ಯೂರು ರಾಮಚಂದ್ರ ರಾಯರಂಥ ಕಲಾವಿದರು ತೆಂಕುತಿಟ್ಟಿನ ಸ್ತ್ರೀವೇಷಕ್ಕೆ ಬಾಳನ್ನೇ ಕೊಟ್ಟವರು. ದ್ರೌಪದಿಯೋ ದಮಯಂತಿಯೋ ರಂಗಕ್ಕೆ ಬಂದಾಗ ಸಭೆ ಉಸಿರು ಹಿಡಿದು ಕೂರುತ್ತಿತ್ತು, ಯಾರೂ ನಗುತ್ತಿರಲಿಲ್ಲ. ಹಾಗಾದರೆ ತೊಂದರೆ ಬಟ್ಟೆಯದಲ್ಲ. ಹರಕೆಯ ರಾತ್ರಿಗೆ, ರಂಗದ ರಾತ್ರಿಗೆ ನಾವು ಅಪ್ಪಣೆ ಕೊಟ್ಟಿದ್ದೇವೆ. ದಿನದ ಬೆಳಕಿಗೆ, ನಿತ್ಯದ ಕೆಲಸಕ್ಕೆ ಕೊಟ್ಟಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಸೈಜು ಹೊಂದಿತೆಂದು ಹೆಂಗಸರ ಜೆರ್ಸಿ ಕೊಂಡವನಿಗೆ ಅದು ಬರೀ ಜೆರ್ಸಿ. ಬೇರೆ ಕೆಲವರಿಗೆ ಆ ಕಪಾಟೇ ತಮ್ಮ ಮನೆ, ಹುಟ್ಟಿದಾಗ ಕೊಟ್ಟ ಗುರುತನ್ನು ದಾಟಿ ಬಂದವರು ಅವರು. ದೇಶದಲ್ಲಿ ಮೊದಲು ತೃತೀಯಲಿಂಗಿಗಳ ನೀತಿ ತಂದದ್ದು 2015ರಲ್ಲಿ ಕೇರಳ. 2017ರಲ್ಲಿ ಕೊಚ್ಚಿ ಮೆಟ್ರೊ ಆ ಸಮುದಾಯದ 23 ಮಂದಿಗೆ ಕೆಲಸ ಕೊಟ್ಟು ಸುದ್ದಿಯಾಯಿತು. ಚಮಯವಿಳಕ್ಕಿನ ಆ ಎರಡು ರಾತ್ರಿಗೂ ಅವರಲ್ಲಿ ಅನೇಕರು ದೂರದಿಂದ ಬರುತ್ತಾರೆ. ‘ಅದು ಲೇಡೀಸು’ ಎಂದು ತಡೆಯುವ ಕೈ ಸಣ್ಣ ಮೈಯ ಹುಡುಗನಿಗೆ ಒಂದು ಗಳಿಗೆಯ ಮುಜುಗರ ಕೊಟ್ಟರೆ, ಅವರಿಗೆ ಅಂಗಡಿಯ ಬಾಗಿಲನ್ನೇ ಮುಚ್ಚುತ್ತದೆ. ಕಪಾಟಿನ ಎದುರು ನಿಂತವರಿಗೆ ಕಾರಣ ಕೇಳದೆ ಬಟ್ಟೆ ಕೊಡುವುದು ಇಬ್ಬರಿಗೂ ಸಲ್ಲಬೇಕಾದ ಮರ್ಯಾದೆ.

ಕರ್ನಾಟಕದ ಹಳ್ಳಿಗಳು ಈ ವಿಷಯದಲ್ಲಿ ಅಂಗಡಿಗಳಿಗಿಂತ ಮುಂದಿವೆ ಎಂದು ನನಗನ್ನಿಸುತ್ತದೆ. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಹುಡುಗಿಯರಿಗೆ ಕೊಟ್ಟದ್ದು ಮುಂದೆ ಬುಟ್ಟಿಯಿರುವ, ಅಡ್ಡಕಂಬಿಯಿಲ್ಲದ ಲೇಡೀಸ್ ಸೈಕಲ್. ಮಗಳು ಶಾಲೆ ಮುಗಿಸಿದ ಮೇಲೆ ಅದೇ ಸೈಕಲ್ಲಿನ ಮೇಲೆ ಅಪ್ಪ ಡೇರಿಗೆ ಹಾಲು ಒಯ್ಯುತ್ತಾನೆ, ತಾತ ಗದ್ದೆಗೆ ಹೋಗುತ್ತಾನೆ. ಪಂಚೆ ಉಟ್ಟವನಿಗೆ, ಮಂಡಿ ನೋವಿನವನಿಗೆ ಕಾಲನ್ನು ಹಿಂದಿನಿಂದ ಎತ್ತಿ ಹಾಕುವ ಜೆಂಟ್ಸ್ ಸೈಕಲ್‌ಗಿಂತ ನಡುವೆ ಕಾಲಿಟ್ಟು ಹತ್ತುವ ಸೈಕಲ್ಲೇ ಲೇಸು. ಅಜ್ಜನ ಕಾಲದಲ್ಲಿ ಪಂಚೆಯನ್ನು ಕಚ್ಚೆ ಹಾಕಿ, ಇಲ್ಲವೇ ಮೇಲಕ್ಕೆತ್ತಿ ಕಟ್ಟಿ, ಚೈನಿಗೆ ಸಿಗದಂತೆ ಒಂದು ಕ್ಲಿಪ್ಪು ಸಿಕ್ಕಿಸಿ ಹೊರಡುತ್ತಿದ್ದರು. ಉತ್ತರ ಕರ್ನಾಟಕದ ಹೆಂಗಸರು ಅದೇ ರೀತಿ ಕಚ್ಚೆ ಹಾಕಿ ಸೀರೆ ಉಟ್ಟು ಹೊಲದ ಕೆಲಸ ಮಾಡಿದರು. ಕಾಲು ಬೀಸಾಡಬೇಕಾದ ಕೆಲಸ ಬಂದಾಗ ಗಂಡೂ ಹೆಣ್ಣೂ ಒಂದೇ ಉಪಾಯ ಕಂಡುಕೊಂಡರು.

ಇಷ್ಟಾಗಿಯೂ ಒಂದು ವಿಚಿತ್ರ ನೋಡಿ. ಲೈಕ್ರಾ ನೂಲನ್ನು 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ತಯಾರಿಸಿದರು. ಅದರ ಬಿಗಿ ಚಡ್ಡಿ ಗಂಡಸರ ಪಂದ್ಯದ ಉಡುಪಾಗಿ ಬೆಳೆಯಿತು. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಸೈಕಲ್ ಪಂದ್ಯ ಬಂದದ್ದೇ 1984ರಲ್ಲಿ, ಗಂಡಸರಿಗೆ ಬಂದು 88 ವರ್ಷಗಳಾದ ಮೇಲೆ. ಆದರೆ ನಮ್ಮ ಪೇಟೆಯ ಒಳಉಡುಪಿನ ಅಂಗಡಿಗೆ ಹೋಗಿ ಸೈಕ್ಲಿಂಗ್ ಶಾರ್ಟ್ಸ್ ಕೇಳಿ. ತೆಗೆದುಕೊಡುವುದು ಹುಡುಗಿಯರು ಲಂಗದ, ಫ್ರಾಕಿನ ಕೆಳಗೆ ಹಾಕುವ ಬಿಗಿ ಚಡ್ಡಿಯನ್ನು. ಹೀಗಾಗಿ ರಸ್ತೆಯಲ್ಲಿ ಲೈಕ್ರಾ ತೊಟ್ಟ ಗಂಡಸನ್ನು ಕಂಡ ಹಳ್ಳಿಯ ಹುಡುಗರಿಗೆ ಅವನು ಅಕ್ಕನ ಚಡ್ಡಿ ಹಾಕಿಕೊಂಡು ಬಂದಂತೆ ಕಾಣುತ್ತದೆ. ಎಷ್ಟೋ ಸವಾರರು ಅದರ ಮೇಲೊಂದು ಸಡಿಲ ಬರ್ಮುಡಾ ಏರಿಸುತ್ತಾರೆ. ಆ ಎರಡನೇ ಚಡ್ಡಿ ಕೇರಳದ ಸೆಕೆಯಲ್ಲಿ ತೊಡೆಯ ಸಂದು ಉಜ್ಜಿಸಿ, ಬೆವರು ಹಿಡಿದಿಟ್ಟು, ಒಳಗಿನ ಚಡ್ಡಿ ಮಾಡಬೇಕಾದ ಕೆಲಸವನ್ನೇ ಕೆಡಿಸುತ್ತದೆ.

ಕೊಚ್ಚಿಯಿಂದ ಹೊರಟ ನಮ್ಮ ದಾರಿ ಕೊನೆಗೆ ತಿರುವನಂತಪುರದ ಹತ್ತಿರದ ತುಂಬ ಎಂಬ ಊರಿಗೆ ಬಂದು ಮುಟ್ಟುತ್ತದೆ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಬಾಹ್ಯಾಕಾಶ ಸಂಶೋಧನಾ ರಾಕೆಟ್ ಹಾರಿದ್ದು ಈ ಮೀನುಗಾರರ ಹಳ್ಳಿಯಿಂದ. ಸಂತ ಮೇರಿ ಮಗ್ದಲೀನ್ ಚರ್ಚು ಕಚೇರಿಯಾಗಿತ್ತು. 1966ರಲ್ಲಿ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸಾನ್ ಇಲ್ಲಿ ತೆಗೆದ ಚಿತ್ರವನ್ನು ಕಾಣದವರಿಲ್ಲ: ಸೈಕಲ್ಲಿನ ಕ್ಯಾರಿಯರ್ ಮೇಲೆ ರಾಕೆಟ್ಟಿನ ಮೂತಿ, ಅದನ್ನು ತಳ್ಳಿಕೊಂಡು ಹೋಗುತ್ತಿರುವ ಇಬ್ಬರು. ಅವರಲ್ಲೊಬ್ಬರು ನಮ್ಮ ಕನ್ನಡಿಗರೇ ಆದ ವಿಜ್ಞಾನಿ ಸಿ. ಆರ್. ಸತ್ಯ. ಬಡ ದೇಶದ ದೈನ್ಯ ಎಂದು ಆ ಚಿತ್ರವನ್ನು ಓದಿದವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಕೆಲಸಗಾರರ ಆತ್ಮವಿಶ್ವಾಸ. ಸಾಗಿಸಬೇಕಿತ್ತು, ಸೈಕಲ್ ಕೈಗೆ ಸಿಕ್ಕಿತು, ಸಾಗಿಸಿದರು. ರಾಕೆಟ್ಟಿನ ಘನತೆಗೆ ಸೈಕಲ್ ಕಡಿಮೆಯಾಯಿತೇ ಎಂದು ಅವರು ನಿಂತು ಯೋಚಿಸಲಿಲ್ಲ. ಶೈಲಿ ಎಂಬುದಕ್ಕೆ ಬೇರೆ ಉದಾಹರಣೆ ನನಗೆ ಬೇಡ.

ಈ ದಾರಿಯುದ್ದಕ್ಕೂ ನಡೆಯುವ ದೂರ ಸವಾರಿಗಳಲ್ಲಿ ಆಗಲೇ ಒಂದು ಪಾಠ ಇದೆ. ‘ಬ್ರೆವೆ’ ಎಂದು ಕರೆಯುವ 200 ಕಿಲೋಮೀಟರಿನ ದೂರ ಸವಾರಿಗೆ ಹದಿಮೂರೂವರೆ ಗಂಟೆ ಗಡುವು, ಗಂಡಿಗೂ ಹೆಣ್ಣಿಗೂ ಅದೇ. ಕತ್ತಲಲ್ಲಿ ಹೊಳೆಯುವ ವೆಸ್ಟು ಕಡ್ಡಾಯ, ಅದರಲ್ಲಿ ಲೇಡೀಸು ಜೆಂಟ್ಸು ಇಲ್ಲ. ಆದರೆ ಈ ಸವಾರಿಗಳನ್ನು ನಡೆಸುವ ಕ್ಲಬ್ಬುಗಳೇ ವರ್ಷಕ್ಕೊಮ್ಮೆ ಜೆರ್ಸಿ ಮಾಡಿಸುವಾಗ ಸದಸ್ಯರಿಗೆ ಕಳಿಸುವ ಪಟ್ಟಿಯಲ್ಲಿ ಎರಡೇ ಕಲಂ ಇರುತ್ತವೆ: ಗಂಡಸೋ ಹೆಂಗಸೋ, ಮತ್ತು ಸೈಜು. ಬಂದ ಜೆರ್ಸಿ ಸಣ್ಣ ಮೈಯ ಗಂಡಸಿಗೆ ಗೋಣಿಚೀಲ, ಅಗಲ ಭುಜದ ಹೆಂಗಸಿಗೆ ಉಸಿರುಗಟ್ಟು.

ಆ ಮೊದಲ ಕಲಂ ಕಿತ್ತುಹಾಕಿ, ಅದರ ಜಾಗದಲ್ಲಿ ಎದೆ, ಸೊಂಟ, ಪೃಷ್ಠ, ಬೆನ್ನಿನ ಉದ್ದ ಎಂಬ ನಾಲ್ಕು ಕಲಂ ಹಾಕಿದರೆ ಸಾಕು. ನಮ್ಮೂರ ದರ್ಜಿ ಟೇಪು ಹಿಡಿದು ಬರೆದುಕೊಳ್ಳುವುದೂ ಅಷ್ಟನ್ನೇ. ಚಡ್ಡಿಗೆ ಮಾತ್ರ ಪ್ಯಾಡು ಯಾವುದು ಎಂದು ಬೇರೆಯಾಗಿ ಕೇಳಲಿ. ಜೇಬುಗಳು ಎಲ್ಲರಿಗೂ ಒಂದೇ ಆಳ ಇರಲಿ, ಸುಲಭವಾಗಿ ಬಿಚ್ಚುವ ಬಿಬ್ಬು ಬೇಕೆಂದವರಿಗೆಲ್ಲ ಸಿಗಲಿ. ಮಳೆ ಕಡಿಮೆಯಾದ ಮೇಲೆ ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ದೂರ ಸವಾರಿಗಳ ಕಾಲ ಶುರುವಾಗುತ್ತದೆ, ಕ್ಲಬ್ಬುಗಳ ಆರ್ಡರ್ ಪಟ್ಟಿಗಳು ಅದಕ್ಕೆ ಮುಂಚೆಯೇ ಹೊರಡುತ್ತವೆ. ಈ ವರ್ಷದ ಪಟ್ಟಿಯಲ್ಲೇ ಇದನ್ನು ಮಾಡಬಹುದು.